ಮಗಳು ಕರುಳು ಮತ್ತು ಆಹಾರದ ಸಂಶೋಧನೆಗೆ ಹೋಗುತ್ತಾಳಂತೆ, ಇದು ಬದುಕು ನಡೆಸುವ ದಾರಿಯೇ?

ಮಾಟುಂಗದ ಹೋಟೆಲಿನವರು

ಎಲ್ಲರಿಗೂ ನಮಸ್ಕಾರ. ನಾನು ಕುಂದಾಪುರದ ಕಡೆಯವನು. ಚಿಕ್ಕ ವಯಸ್ಸಿಗೇ ಮುಂಬಯಿಗೆ ಬಂದು, ಹಗಲು ಹೋಟೆಲಿನಲ್ಲಿ ದುಡಿದು, ಕನ್ನಡ ರಾತ್ರಿಶಾಲೆಯಲ್ಲಿ ಓದಿದವನು. ಈಗ ಮಾಟುಂಗದಲ್ಲಿ ನನ್ನದೇ ಸಣ್ಣ ಹೋಟೆಲಿದೆ. ಒಬ್ಬಳೇ ಮಗಳು. ಎಂಬಿಬಿಎಸ್ ಮುಗಿಸಿ ಇಂಟರ್ನ್‌ಶಿಪ್‌ನಲ್ಲಿದ್ದಾಳೆ.

ಮುಂದೆ ಎಂಡಿ ಮಾಡಿ ಸಯಾನ್‌ನಲ್ಲೋ ವಡಾಲಾದಲ್ಲೋ ದವಾಖಾನೆ ತೆರೆಯುತ್ತಾಳೆ ಎಂದು ನಾವು ಅಂದುಕೊಂಡಿದ್ದೆವು. ಅವಳು ಬೇರೆಯೇ ಹೇಳುತ್ತಿದ್ದಾಳೆ. ಜೀರ್ಣಾಂಗ ಮತ್ತು ಪೋಷಣೆಯ ಸಂಶೋಧನೆ ಮಾಡುತ್ತಾಳಂತೆ. ಕಳೆದ ತಿಂಗಳು ನಮ್ಮ ಅಡುಗೆಮನೆಗೆ ಬಂದು, ರಾತ್ರಿ ಹುದುಗಲು ಇಟ್ಟ ಇಡ್ಲಿ ಹಿಟ್ಟನ್ನು ಗಂಟೆಗೊಮ್ಮೆ ಪುಟ್ಟ ಬಾಟಲಿಗಳಲ್ಲಿ ತುಂಬಿಕೊಂಡು ಹೋದಳು. ಭಟ್ಟರು ಕೆಲಸ ಬಿಟ್ಟು ನೋಡುತ್ತಾ ನಿಂತರು.

ಅವಳ ಅಮ್ಮನಿಗೆ ನಿದ್ದೆಯಿಲ್ಲ. ನೆಂಟರು ಸಿಕ್ಕಲ್ಲೆಲ್ಲ, ಇಷ್ಟು ಖರ್ಚು ಮಾಡಿ ಓದಿಸಿದ್ದು ಪ್ರಯೋಗಾಲಯದಲ್ಲಿ ಕೂರಿಸಲಿಕ್ಕೋ ಎಂದು ಕೇಳುತ್ತಾರೆ. ನನಗೆ ಮಗಳ ಮೇಲೆ ನಂಬಿಕೆಯಿದೆ, ಆದರೆ ಆ ಕೆಲಸದ ಬಗ್ಗೆ ಏನೂ ಗೊತ್ತಿಲ್ಲ. ಅಂಥವರು ದಿನವಿಡೀ ಏನು ಮಾಡುತ್ತಾರೆ? ರೋಗಿಯನ್ನು ಮುಟ್ಟುತ್ತಾರೋ ಇಲ್ಲವೋ? ಸಂಸಾರ ನಡೆಸುವಷ್ಟು ಸಂಬಳ ಬರುತ್ತದೆಯೇ? ಬಲ್ಲವರು ತಿಳಿಸಿದರೆ ಉಪಕಾರ.

ಪರೇಲ್‌ನಿಂದ ಒಬ್ಬ ಸಂಶೋಧಕಿ

ಅಣ್ಣನವರಿಗೆ ನಮಸ್ಕಾರ. ನನ್ನ ತವರು ಶಿರಸಿ, ಮನೆ ಮುಲುಂಡ್, ಕೆಲಸ ಪರೇಲ್. ಜನರಲ್ ಮೆಡಿಸಿನ್‌ನಲ್ಲಿ ಎಂಡಿ ಮುಗಿಸಿ, ಇದೇ ವಿಷಯದ ಸಂಶೋಧನೆಯಲ್ಲಿ ಕೂದಲು ನರೆತವಳು. ಉದ್ದವಾಗಿಯೇ ಬರೆಯುತ್ತೇನೆ, ಏಕೆಂದರೆ ನಮ್ಮ ಕೆಲಸದ ಬಗ್ಗೆ ಜನರಿಗೆ ಗೊತ್ತಿರುವುದು ಕಡಿಮೆ, ಹುಟ್ಟಿಸಿಕೊಂಡಿರುವ ಭಯ ಹೆಚ್ಚು.

ದಿನವಿಡೀ ಏನು ಮಾಡುತ್ತೀರಿ ಎಂದು ಕೇಳಿದಿರಿ. ನಾವು ಊಟದ ವಿಚಾರಣೆ ಮಾಡುತ್ತೇವೆ. ಮೈಕ್ರೋಸ್ಕೋಪು, ಯಂತ್ರ, ಲೆಕ್ಕ ಎಲ್ಲ ಅದರ ನಂತರ. ಒಂದು ಬೆಳಗಿನ ಉದಾಹರಣೆ ಕೊಡುತ್ತೇನೆ. ಧಾರಾವಿಯಿಂದ ಒಬ್ಬ ತಾಯಿ ಬಂದಿದ್ದರು. ನಿಶ್ಶಕ್ತಿ, ಹೊಟ್ಟೆ ಉಬ್ಬರ, ಹಿಮೋಗ್ಲೋಬಿನ್ ತೀರಾ ಕಡಿಮೆ. ನಿನ್ನೆ ಎದ್ದಾಗಿನಿಂದ ಮಲಗುವವರೆಗೆ ಬಾಯಿಗೆ ಹೋದದ್ದೆಲ್ಲವನ್ನೂ ಹೇಳಿ ಎಂದೆ. ಮೇಜಿನ ಮೇಲೆ ಅಳತೆಯ ಬಟ್ಟಲು, ಸೌಟು, ಚಮಚಗಳನ್ನು ಸಾಲಾಗಿ ಇಟ್ಟಿರುತ್ತೇವೆ. ಮಧ್ಯಾಹ್ನ ಸೊಪ್ಪಿನ ಪಲ್ಯ ಎಂದರು. ಯಾವ ಬಟ್ಟಲಿನಷ್ಟು? ದೊಡ್ಡದನ್ನು ತೋರಿಸಿದರು. ಬರೆದುಕೊಂಡು ಮುಂದೆ ಹೋಗಬಹುದಿತ್ತು. ಮನೆಯಲ್ಲಿ ಎಷ್ಟು ಜನ? ಆರು. ಬಡಿಸುವವರು? ತಾವೇ. ಕೊನೆಯಲ್ಲಿ ಉಣ್ಣುವವರು? ತಾವೇ. ನೀವು ಕೂರುವಾಗ ಪಾತ್ರೆಯಲ್ಲಿ ಎಷ್ಟು ಉಳಿದಿತ್ತು ಎಂದು ಕೇಳಿದಾಗ ಅವರ ಕೈ ದೊಡ್ಡ ಬಟ್ಟಲನ್ನು ಬಿಟ್ಟು ಚಮಚದ ಕಡೆಗೆ ಹೋಯಿತು. ಊಟವಾದ ಕೂಡಲೇ ಏನು ಕುಡಿಯುತ್ತೀರಿ? ಕಡಕ್ ಚಹಾ. ಸೊಪ್ಪು, ಬೇಳೆಯಲ್ಲಿರುವ ಕಬ್ಬಿಣದ ಅಂಶವನ್ನು ಕರುಳು ಹೀರಿಕೊಳ್ಳುವುದೇ ಕಷ್ಟ. ಚಹಾದ ಒಗರು ಅದನ್ನು ಇನ್ನಷ್ಟು ತಡೆಯುತ್ತದೆ. ಯಾವ ರಕ್ತಪರೀಕ್ಷೆಯೂ ಆ ಮನೆಯಲ್ಲಿ ಕೊನೆಗೆ ಉಣ್ಣುವವರು ಯಾರೆಂದು ಹೇಳುವುದಿಲ್ಲ. ಅದನ್ನು ಕೇಳಿ ತಿಳಿಯಲು ಕಲಿಯಲಿಕ್ಕೆ ವರ್ಷಗಳು ಬೇಕು. ನನ್ನ ಮಟ್ಟಿಗೆ ಇಡೀ ವೃತ್ತಿಯ ಬೆನ್ನೆಲುಬು ಅದೇ.

ರೋಗಿಯನ್ನು ಮುಟ್ಟುತ್ತೇವೆಯೇ? ದಿನವೂ. ಉಸಿರಿನ ಪರೀಕ್ಷೆ ಎಂಬುದೊಂದಿದೆ. ಹಾಲು ಕುಡಿದರೆ ಹೊಟ್ಟೆ ಕೆಡುತ್ತದೆ ಎನ್ನುವವರಿಗೆ ಹಾಲಿನ ಸಕ್ಕರೆ, ಅಂದರೆ ಲ್ಯಾಕ್ಟೋಸ್ ಬೆರೆಸಿದ ನೀರು ಕುಡಿಸಿ, ಆಗಾಗ ಒಂದು ಚೀಲಕ್ಕೆ ಊದಿಸುತ್ತೇವೆ. ಮನುಷ್ಯನ ಜೀವಕೋಶಗಳು ಹೈಡ್ರೋಜನ್ ಅನಿಲ ತಯಾರಿಸುವುದಿಲ್ಲ. ಕರುಳಿನ ಬ್ಯಾಕ್ಟೀರಿಯಾಗಳು ತಯಾರಿಸುತ್ತವೆ. ಸಣ್ಣ ಕರುಳಿನಲ್ಲಿ ಜೀರ್ಣವಾಗದ ಸಕ್ಕರೆ ಮುಂದೆ ಸಾಗಿ ಅವುಗಳ ಕೈಗೆ ಸಿಕ್ಕರೆ ಹೈಡ್ರೋಜನ್ ಹುಟ್ಟಿ, ರಕ್ತಕ್ಕೆ ಸೇರಿ, ಶ್ವಾಸಕೋಶದಿಂದ ಹೊರಬರುತ್ತದೆ. ಹಿಂದಿನ ರಾತ್ರಿ ಬರೀ ಬಿಳಿ ಅನ್ನ ಉಂಡು ಬರಬೇಕೆಂದು ಹೇಳಿರುತ್ತೇವೆ. ಬೇಳೆ, ಕಾಳು ತಿಂದು ಬಂದರೆ ಪರೀಕ್ಷೆ ಶುರುವಾಗುವ ಮೊದಲೇ ಅನಿಲ ಏರಿರುತ್ತದೆ. ಮುಂಜಾನೆಯ ಲೋಕಲ್ ಹಿಡಿದು ಖಾಲಿ ಹೊಟ್ಟೆಯಲ್ಲಿ ಬಂದು, ಮೂರು ಗಂಟೆ ಕುರ್ಚಿಯಲ್ಲಿ ಕೂರುವ ಜನರಿಗೆ ನಾನು ಋಣಿ. ಅವರನ್ನು 'ಸ್ಯಾಂಪಲ್' ಎಂದು ಕರೆಯುವ ವಿದ್ಯಾರ್ಥಿಗಳನ್ನು ನಾನು ಅಲ್ಲಿಯೇ ತಿದ್ದುತ್ತೇನೆ.

ನೆಂಟರಿಗೆ ಏನು ಹೇಳಬೇಕೆಂದು ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಗರ್ಭಿಣಿಯರಿಗೆ ಸರಕಾರ ಕೊಡುವ ಮಾತ್ರೆಯಲ್ಲಿ ಕಬ್ಬಿಣದ ಜೊತೆಗಿರುವ ಫೋಲಿಕ್ ಆಮ್ಲದ ಕಥೆ ಶುರುವಾದದ್ದು ಇದೇ ಮುಂಬಯಿಯಲ್ಲಿ, ನಿಮ್ಮ ಹೋಟೆಲಿನಿಂದ ದೂರವೇನೂ ಇಲ್ಲದ ಪರೇಲ್‌ನ ಹಾಫ್ಕಿನ್ ಸಂಸ್ಥೆಯಲ್ಲಿ. 1928ರಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ ಇಲ್ಲಿಗೆ ಬಂದರು. ಆಗ ಇಲ್ಲಿನ ಬಡ ಗರ್ಭಿಣಿಯರಲ್ಲಿ ಒಂದು ಬಗೆಯ ರಕ್ತಹೀನತೆ ಕಾಣಿಸಿಕೊಂಡು, ಹೆರಿಗೆ ಹತ್ತಿರವಾದಂತೆ ಬಿಗಡಾಯಿಸಿ ಜೀವ ತೆಗೆಯುತ್ತಿತ್ತು. ಸಾಧಾರಣವಾಗಿ ಕಬ್ಬಿಣದ ಕೊರತೆಯಲ್ಲಿ ಕೆಂಪು ರಕ್ತಕಣಗಳು ಚಿಕ್ಕದಾಗುತ್ತವೆ. ಇಲ್ಲಿ ದೊಡ್ಡದಾಗಿದ್ದವು. ವಿಲ್ಸ್ ಮೊದಲು ಕರುಳಿನ ಸೋಂಕು ಇರಬಹುದೇ ಎಂದು ಹುಡುಕಿದರು. ಸಿಗಲಿಲ್ಲ. ಆ ಊಹೆಯನ್ನು ಬಿಟ್ಟು, ಯಾರು ಏನು ಉಣ್ಣುತ್ತಾರೆ ಎಂದು ವಿಚಾರಿಸತೊಡಗಿದರು. ಹಣ್ಣು, ತರಕಾರಿ, ಪ್ರೋಟೀನ್ ಕಡಿಮೆ ಇರುವ ಊಟದವರಲ್ಲೇ ಕಾಯಿಲೆ ಹೆಚ್ಚೆಂದು ಕಂಡಿತು. ಅದೇ ಊಟವನ್ನು ಇಲಿಗಳಿಗೆ, ಆಮೇಲೆ ಮಂಗಗಳಿಗೆ ಕೊಟ್ಟು ನೋಡಿದರು. ಕಾಯಿಲೆ ಬಿದ್ದ ಮಂಗಕ್ಕೆ ಮಾರ್ಮೈಟ್ ಕೊಟ್ಟಾಗ ಅದು ಚೇತರಿಸಿಕೊಂಡಿತು. ಮಾರ್ಮೈಟ್ ಎಂದರೆ ಬಿಯರ್ ತಯಾರಿಸಿದ ಮೇಲೆ ಉಳಿಯುವ ಯೀಸ್ಟಿನ ಸಾರ, ಅಗ್ಗದ ಪದಾರ್ಥ. ಅದನ್ನೇ ಆಸ್ಪತ್ರೆಯ ತಾಯಂದಿರಿಗೆ ಕೊಟ್ಟರು, ಗುಣವಾಯಿತು. 1931ರಲ್ಲಿ ಅದು ಪ್ರಕಟವಾಯಿತು. ಪಾಲಕ್ ಸೊಪ್ಪಿನಿಂದ ಫೋಲಿಕ್ ಆಮ್ಲವನ್ನು ಬೇರ್ಪಡಿಸಿದ್ದು 1941ರಲ್ಲಿ. ಏನೆಂದು ತಿಳಿಯುವ ಹತ್ತು ವರ್ಷ ಮೊದಲೇ ಅದು ಮುಂಬಯಿಯಲ್ಲಿ ತಾಯಂದಿರನ್ನು ಬದುಕಿಸಿತ್ತು. 1991ರಲ್ಲಿ ಬ್ರಿಟನ್ನಿನ ಮೆಡಿಕಲ್ ರಿಸರ್ಚ್ ಕೌನ್ಸಿಲ್‌ನ ಪ್ರಯೋಗ ಇನ್ನೊಂದನ್ನು ತೋರಿಸಿತು: ಹಿಂದೆ ಬೆನ್ನುಹುರಿಯ ದೋಷವಿದ್ದ ಮಗುವನ್ನು ಹೆತ್ತ ತಾಯಂದಿರು ಗರ್ಭ ನಿಲ್ಲುವ ಮುಂಚಿನಿಂದಲೇ ಇದನ್ನು ತೆಗೆದುಕೊಂಡರೆ ಆ ದೋಷ ಮರುಕಳಿಸುವುದು 72 ಪ್ರತಿಶತ ಕಡಿಮೆಯಾಗುತ್ತದೆ. ಇಷ್ಟು ಜನರನ್ನು ಮುಟ್ಟಿದ ದವಾಖಾನೆ ಯಾವುದಿದೆ, ಹೇಳಲಿ ನೋಡೋಣ.

ಕಥೆ ಅಲ್ಲಿಗೆ ಮುಗಿಯಲೂ ಇಲ್ಲ. ಪುಣೆಯ ಕೆಇಎಂ ಆಸ್ಪತ್ರೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಅವರ ತಂಡ 1993ರಲ್ಲಿ ಪುಣೆ ಸಮೀಪದ ಆರು ಹಳ್ಳಿಗಳ ಗರ್ಭಿಣಿಯರ ಅಧ್ಯಯನ ಆರಂಭಿಸಿತು. ಅಲ್ಲಿ ಫೋಲೇಟ್, ಅಂದರೆ ಇದೇ ಫೋಲಿಕ್ ಆಮ್ಲದ ಆಹಾರದಲ್ಲಿರುವ ರೂಪದ ಕೊರತೆ ಇದ್ದದ್ದು ಒಬ್ಬೇ ಒಬ್ಬ ತಾಯಿಗೆ. ಆದರೆ ಮೂರರಲ್ಲಿ ಎರಡು ಪಾಲು ತಾಯಂದಿರಲ್ಲಿ ವಿಟಮಿನ್ ಬಿ12 ಕಡಿಮೆ ಇತ್ತು. ಫೋಲೇಟ್ ಹೆಚ್ಚು, ಬಿ12 ಕಡಿಮೆ ಇದ್ದ ತಾಯಂದಿರ ಮಕ್ಕಳಲ್ಲಿ ಆರನೇ ವಯಸ್ಸಿಗೆ ಇನ್ಸುಲಿನ್ ಪ್ರತಿರೋಧ, ಅಂದರೆ ಇನ್ಸುಲಿನ್‌ಗೆ ದೇಹ ಸರಿಯಾಗಿ ಸ್ಪಂದಿಸದಿರುವುದು, ಎಲ್ಲರಿಗಿಂತ ಹೆಚ್ಚು ಕಂಡಿತು. ಮಾತ್ರೆ ಬಿಡಿ ಎಂದು ದಯವಿಟ್ಟು ಯಾರೂ ಇದನ್ನು ಓದಿಕೊಳ್ಳಬೇಡಿ. ಬಿ12 ಕಡೆಗೂ ನೋಡಿ ಎಂಬುದಷ್ಟೇ ಅರ್ಥ. ಬಿ12 ದೇಹಕ್ಕೆ ಸೇರಬೇಕಾದರೆ ಜಠರದಲ್ಲಿ ಸ್ರವಿಸುವ ಒಂದು ಪ್ರೋಟೀನ್ ಅದನ್ನು ಹಿಡಿದುಕೊಂಡು ಸಣ್ಣ ಕರುಳಿನ ಕೊನೆಯ ಭಾಗದವರೆಗೆ ತಲುಪಿಸಬೇಕು. ಊಟದ ಪ್ರಶ್ನೆ ಹೀಗೆ ಕರುಳಿನ ಪ್ರಶ್ನೆಯಾಗುತ್ತದೆ. ನಿಮ್ಮ ಮಗಳು ಎರಡನ್ನೂ ಒಟ್ಟಿಗೆ ಹಿಡಿಯಲು ಹೊರಟಿದ್ದಾಳೆ, ಅದು ಸರಿಯಾದ ಜಾಗ.

ಇಡ್ಲಿ ಹಿಟ್ಟಿನ ವಿಷಯ ಓದಿ ಸಂತೋಷವಾಯಿತು. ಹಿಟ್ಟನ್ನು ಉಬ್ಬಿಸುವುದರಲ್ಲಿ ದೊಡ್ಡ ಪಾಲು ಲ್ಯೂಕೋನಾಸ್ಟಾಕ್ ಎಂಬ ಬ್ಯಾಕ್ಟೀರಿಯಾದ್ದು. ಗಂಟೆಗೊಮ್ಮೆ ತೆಗೆದಿದ್ದಾಳೆಂದರೆ ಯಾವುದು ಮೊದಲು ಬೆಳೆಯುತ್ತದೆ, ಯಾವುದು ಆಮೇಲೆ ಎಂದು ನೋಡುವ ಬುದ್ಧಿ ಅವಳಿಗಿದೆ. ಯಾರೂ ಹೇಳಿಕೊಡದೆ ಹಾಗೆ ಯೋಚಿಸುವವರು ಅಪರೂಪ.

ಸಂಬಳದ ಮಾತು. ಖಾಸಗಿ ದವಾಖಾನೆಯಷ್ಟು ಎಂದಿಗೂ ಬರುವುದಿಲ್ಲ. ವೈದ್ಯಕೀಯ ಕಾಲೇಜಿನಲ್ಲಿ ಅಧ್ಯಾಪಕಿಯಾಗಿದ್ದುಕೊಂಡು ಸಂಶೋಧನೆ ಮಾಡಿದರೆ ಸಂಸಾರ ಗೌರವದಿಂದ ನಡೆಯುತ್ತದೆ. ಬರೀ ಯೋಜನೆಗಳ ಫೆಲೋಶಿಪ್ ನಂಬಿದರೆ ಕಷ್ಟ. ನಾನು ಹಿಂದೆ ಇದ್ದ ಒಂದು ಸಂಸ್ಥೆಯಲ್ಲಿ ಹಣ ಬರುವುದು ತಿಂಗಳುಗಟ್ಟಲೆ ತಡವಾಗಿ, ನನ್ನ ಜೊತೆಯ ಹುಡುಗಿಯೊಬ್ಬಳು ಹಾಸ್ಟೆಲ್ ಬಾಡಿಗೆ ಕಟ್ಟಲಾಗದೆ ಪಿಎಚ್‌ಡಿಯನ್ನೇ ಬಿಟ್ಟು ಹೋದಳು. ಅಷ್ಟು ಚುರುಕಾದ ಕೈಯನ್ನು ನಾನು ಮತ್ತೆ ನೋಡಿಲ್ಲ. ಇವತ್ತಿಗೂ ಅದರ ಸಿಟ್ಟು ಹೋಗಿಲ್ಲ.

ಡೊಂಬಿವಲಿಯ ವೈದ್ಯ

ಪರೇಲ್‌ನ ಮೇಡಂ ಬರೆದದ್ದಕ್ಕೆ ಒಂದೇ ಮಾತು ಸೇರಿಸುತ್ತೇನೆ. ಹುಡುಗಿ ಎಂಬಿಬಿಎಸ್ ಮುಗಿದ ಕೂಡಲೇ ಪ್ರಯೋಗಾಲಯಕ್ಕೆ ಹಾರುವುದು ಬೇಡ. ಎಂಡಿ ಆಗಲಿ, ಸಾಧ್ಯವಾದರೆ ಗ್ಯಾಸ್ಟ್ರೋಎಂಟರಾಲಜಿ, ಅಂದರೆ ಜೀರ್ಣಾಂಗದ ವಿಷಯದಲ್ಲಿ, ಎಂಡಿಯ ಮೇಲಿನ ಪದವಿಯಾದ ಡಿಎಂ ಕೂಡ ಆಗಲಿ. ಮೂರು ಮತ್ತು ಮೂರು, ಒಟ್ಟು ಆರು ವರ್ಷ. ಉದ್ದವೇ, ಒಪ್ಪುತ್ತೇನೆ. ಆದರೆ ಹೊಟ್ಟೆಯ ವಿಷಯದಲ್ಲಿ ದೊಡ್ಡ ಬದಲಾವಣೆಗಳು ಹಾಸಿಗೆಯ ಪಕ್ಕ ನಿಂತವರಿಂದಲೇ ಬಂದಿವೆ. 1971ರಲ್ಲಿ ಪಶ್ಚಿಮ ಬಂಗಾಳದ ಬನ್‌ಗಾಂವ್‌ನಲ್ಲಿದ್ದ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ, ರಕ್ತನಾಳಕ್ಕೆ ಏರಿಸುವ ಸಲೈನ್ ಮುಗಿದಾಗ, ಡಾ. ದಿಲೀಪ್ ಮಹಾಲನೋಬಿಸ್ ಉಪ್ಪು, ಅಡುಗೆ ಸೋಡಾ, ಗ್ಲೂಕೋಸ್ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿ, ಮನೆಯವರ ಕೈಯಿಂದಲೇ ರೋಗಿಗಳಿಗೆ ಕುಡಿಸಿದರು. ನೂರಕ್ಕೆ ಸುಮಾರು ಮೂವತ್ತಿದ್ದ ಸಾವು ನಾಲ್ಕಕ್ಕಿಂತ ಕೆಳಗಿಳಿಯಿತು. ಗ್ಲೂಕೋಸ್ ಜೊತೆಗಿದ್ದರೆ ಕರುಳು ಉಪ್ಪನ್ನೂ ನೀರನ್ನೂ ಒಳಗೆಳೆದುಕೊಳ್ಳುತ್ತದೆ ಎಂಬುದು ಪ್ರಯೋಗಾಲಯದಲ್ಲಿ ಮೊದಲೇ ಗೊತ್ತಿತ್ತು. ಶಿಬಿರದ ಕೆಸರಿನಲ್ಲಿ ನಿಂತು ಅದನ್ನು ಮಾಡಿ ತೋರಿಸಲು ವೈದ್ಯನೇ ಬೇಕಾಯಿತು. ಜಠರದ ಹುಣ್ಣಿಗೆ ಬ್ಯಾಕ್ಟೀರಿಯಾ ಕಾರಣ ಎಂದು ಹೇಳಿ 2005ರ ನೊಬೆಲ್ ಪಡೆದವರಲ್ಲಿ ಒಬ್ಬರಾದ ಬ್ಯಾರಿ ಮಾರ್ಷಲ್ ಕೂಡ, ಆ ಕೆಲಸ ಶುರುಮಾಡಿದಾಗ ಪರ್ತ್‌ನ ಆಸ್ಪತ್ರೆಯಲ್ಲಿ ತರಬೇತಿಯಲ್ಲಿದ್ದ ವೈದ್ಯ.

ನೆಂಟರ ಬಾಯಿಗೆ ಎಂಡಿ ಎಂಬ ಎರಡಕ್ಷರವೂ ಸಾಕು.

ಪುಣೆಯಿಂದ, ಮೂಲ ವಿಜಯಪುರ

ನಾನು ಡಾಕ್ಟರ್ ಅಲ್ಲ. ಪೋಷಣಾ ವಿಜ್ಞಾನದಲ್ಲಿ ಎಂಎಸ್ಸಿ ಮಾಡಿ, ಪುಣೆ ಸುತ್ತಿನ ಹಳ್ಳಿಗಳಲ್ಲಿ ಸಮೀಕ್ಷೆಯ ಕೆಲಸ ಮಾಡಿದವಳು. ಹೋಟೆಲಿನ ಅಣ್ಣನವರ ಮಗಳಿಗೆ ಅಡುಗೆಮನೆಯ ಪರಿಚಯ ಇದೆಯಲ್ಲ, ಅದು ದೊಡ್ಡ ಆಸ್ತಿ. ನಾವು ಬೆಳಿಗ್ಗೆ ಆರಕ್ಕೇ ತಕ್ಕಡಿ ಹಿಡಿದು ಮನೆಗೆ ಹೋಗುತ್ತಿದ್ದೆವು. ಹಿಟ್ಟು ನಾದುವ ಮೊದಲು ತೂಕ, ಬೇಳೆ ತೊಳೆಯುವ ಮೊದಲು ತೂಕ, ಬೆಂದ ಮೇಲೆ ಪಾತ್ರೆಸಮೇತ ತೂಕ, ಆಮೇಲೆ ಪ್ರತಿಯೊಬ್ಬರ ತಟ್ಟೆ. ಮೊದಲ ದಿನ ಅತ್ತೆಯಂದಿರು ಸೊಸೆಯ ತಟ್ಟೆಗೆ ತುಪ್ಪ ಜಾಸ್ತಿ ಬಡಿಸುತ್ತಾರೆ, ನಾವು ನೋಡುತ್ತಿದ್ದೇವೆಂದು. ಆದ್ದರಿಂದ ಒಂದೇ ದಿನದ ಲೆಕ್ಕ ನಂಬುವಂತಿಲ್ಲ, ಮತ್ತೆ ಹೋಗಬೇಕು. ನನಗೆ ಜೋಳದ ಭಾಕರಿ ತಟ್ಟಲು ಬರುತ್ತಿದ್ದದ್ದರಿಂದ ಒಲೆಯ ಮುಂದೆ ಕೂರಲು ಜಾಗ ಸಿಗುತ್ತಿತ್ತು. ಕೂತು ಎರಡು ತಟ್ಟಿಕೊಟ್ಟರೆ ಅವರೇ ಬಾಯಿ ಬಿಡುತ್ತಿದ್ದರು.

ಮಲದ ಮಾದರಿ ಕೇಳುವುದು ಇನ್ನೂ ಕಷ್ಟ. ಸಂಜೆ ಡಬ್ಬಿ ಕೊಟ್ಟು ಬಂದು ಬೆಳಿಗ್ಗೆ ಹೋದರೆ, ಮುಖ ತಿರುಗಿಸಿಕೊಂಡು ಕಾಗದದಲ್ಲಿ ಸುತ್ತಿ ಕೊಡುತ್ತಾರೆ. ಐಸ್ ಪೆಟ್ಟಿಗೆಯಲ್ಲಿಟ್ಟು ಮಧ್ಯಾಹ್ನದೊಳಗೆ ಪುಣೆ ಮುಟ್ಟಿಸಬೇಕು. ಮಳೆಗಾಲದಲ್ಲಿ ರಸ್ತೆ ಕಟ್ಟಿದರೆ ಇಡೀ ಹಳ್ಳಿಯ ಶ್ರಮ ನೀರಾಗುತ್ತದೆ. ಇಷ್ಟಾದರೂ ಈ ಕೆಲಸ ಬೇಕು. ಪುಣೆಯ ರಾಷ್ಟ್ರೀಯ ಜೀವಕೋಶ ವಿಜ್ಞಾನ ಕೇಂದ್ರದಂಥ (ಎನ್‌ಸಿಸಿಎಸ್) ಸಂಸ್ಥೆಗಳಲ್ಲಿ ನಡೆದ ಅಧ್ಯಯನಗಳು ಭಾರತೀಯರ ಕರುಳಿನಲ್ಲಿ ಪ್ರಿವೊಟೆಲ್ಲಾ, ಮೆಗಾಸ್ಫೇರಾದಂಥ ಬ್ಯಾಕ್ಟೀರಿಯಾಗಳು ಹೆಚ್ಚೆಂದು ತೋರಿಸಿವೆ. ಅಮೆರಿಕದವರ ಹೊಟ್ಟೆ ನೋಡಿ ಬರೆದ ಸಲಹೆಯನ್ನು ಭಾಕರಿ ಉಣ್ಣುವವರಿಗೆ ಹಾಗೆಯೇ ಅನ್ವಯಿಸಿದರೆ ಹೇಗೆ?

ಅವಳಿಗೆ ಮರಾಠಿ ಚೆನ್ನಾಗಿ ಬರುತ್ತದೆ ತಾನೇ? ಇಲ್ಲಿ ಅದಿಲ್ಲದೆ ಒಂದು ಹೆಜ್ಜೆ ಮುಂದೆ ಹೋಗಲಾಗುವುದಿಲ್ಲ.

ಮಾಟುಂಗದ ಹೋಟೆಲಿನವರು

ಎಲ್ಲರ ಮಾತನ್ನೂ ಮಗಳಿಗೆ, ಅವಳ ಅಮ್ಮನಿಗೆ ಓದಿ ಹೇಳಿದೆ. ಮರಾಠಿ, ತುಳು, ಕನ್ನಡ, ಹಿಂದಿ ಎಲ್ಲ ಬರುತ್ತದೆ, ಮುಂಬಯಿಯಲ್ಲೇ ಹುಟ್ಟಿದವಳು. ಪರೇಲ್‌ನ ಡಾಕ್ಟರಮ್ಮ, ಇನ್ನೊಂದು ಕೇಳುವುದಿದೆ. ಅವಳಿಗೆ ಯಾರೋ ಒಬ್ಬರು, ಈಗಲೇ ನಮ್ಮ ಯೋಜನೆಗೆ ಸೇರು, ಎಂಡಿ ಆಮೇಲೆ ನೋಡೋಣ ಎಂದಿದ್ದಾರೆ. ಎಂಡಿ ಮಾಡುವುದಾದರೂ ಯಾವ ವಿಷಯದಲ್ಲಿ ಮಾಡಬೇಕು? ಒಳ್ಳೆಯ ಮಾರ್ಗದರ್ಶಕರನ್ನು ಗುರುತಿಸುವುದು ಹೇಗೆ?

ಪರೇಲ್‌ನಿಂದ ಒಬ್ಬ ಸಂಶೋಧಕಿ

ಅಣ್ಣ, ಎಂಡಿ ಆಮೇಲೆ ನೋಡೋಣ ಎನ್ನುವವರ ಮಾತು ಕೇಳಬೇಡಿ. ಡೊಂಬಿವಲಿಯ ಡಾಕ್ಟರು ಹೇಳಿದ್ದು ಸರಿ, ಎಂಡಿ ಪ್ರವೇಶಕ್ಕೆ ಇರುವ ನೀಟ್ ಪಿಜಿ ಪರೀಕ್ಷೆ ಬರೆಯಲಿ. ಆದರೆ ಡಿಎಂ ಮಾಡಲೇಬೇಕು ಎಂಬುದನ್ನು ನಾನು ಒಪ್ಪುವುದಿಲ್ಲ. ಎಂಡೋಸ್ಕೋಪಿ ಕಲಿತು ಕರುಳಿನ ಕಾಯಿಲೆಗಳ ಮೇಲೆ ಕೆಲಸ ಮಾಡುವ ಮನಸ್ಸಿದ್ದರೆ ಜನರಲ್ ಮೆಡಿಸಿನ್ ಆರಿಸಿಕೊಂಡು ಡಿಎಂಗೆ ಹೋಗಲಿ. ಆಹಾರ, ಹಳ್ಳಿ, ತಾಯಿ-ಮಗು ಇವುಗಳ ಕಡೆಗೆ ಮನಸ್ಸು ಎಳೆದರೆ ಕಮ್ಯುನಿಟಿ ಮೆಡಿಸಿನ್ ಅಥವಾ ಮಕ್ಕಳ ವಿಭಾಗ. ಹಿಟ್ಟಿನ ಬಾಟಲಿಯೇ ಕಣ್ಣಿಗೆ ಕಟ್ಟಿದ್ದರೆ ಮೈಕ್ರೋಬಯಾಲಜಿ ಅಥವಾ ಬಯೋಕೆಮಿಸ್ಟ್ರಿ. ವಾರ್ಡು, ಪ್ರಯೋಗಾಲಯ ಎರಡೂ ಕಡೆ ಒಂದೊಂದು ವಾರ ಸುಮ್ಮನೆ ಹೋಗಿ ಕೂರಲಿ. ವಾರ್ಡಿನಲ್ಲಿ ಊಟದ ಹೊತ್ತು ಮರೆತು ನಿಲ್ಲುತ್ತಾಳೋ, ಇನ್‌ಕ್ಯುಬೇಟರಿನ ಮುಂದೆ ನಿಲ್ಲುತ್ತಾಳೋ ಅವಳಿಗೇ ತಿಳಿಯುತ್ತದೆ.

ಮುಂಬಯಿಯ ಹೊರಗೆ ಕಳುಹಿಸಲು ಅಂಜಬೇಡಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ, ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು (ಸಿಎಂಸಿ), ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜು, ಈ ಮೂರೂ ಕಡೆ ನಮ್ಮ ವಿಷಯದ ದೀರ್ಘ ಪರಂಪರೆ ಇದೆ. ಬೆಂಗಳೂರು ಎಂದಾಗ ನೆನಪಾಯಿತು, ಮಗಳಿಗೆ ಕಮಲಾ ಸೊಹೋನಿಯವರ ಬಗ್ಗೆ ಹೇಳಿ. 1933ರಲ್ಲಿ ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿ ಹೆಣ್ಣೆಂಬ ಕಾರಣಕ್ಕೆ ಅವರಿಗೆ ಪ್ರವೇಶ ನಿರಾಕರಿಸಿದ್ದರು. ಪಟ್ಟು ಹಿಡಿದು ಸೇರಿ, ಹಾಲು ಮತ್ತು ಬೇಳೆಕಾಳುಗಳ ಪ್ರೋಟೀನ್ ಮೇಲೆ ಕೆಲಸ ಮಾಡಿ, 1939ರಲ್ಲಿ ಕೇಂಬ್ರಿಡ್ಜಿನಿಂದ ಡಾಕ್ಟರೇಟ್ ಪಡೆದರು. ಕೊನೆಗೆ ಮುಂಬಯಿಯ ರಾಯಲ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್‌ನಲ್ಲಿ ಬಡವರ ಊಟದ ಬೇಳೆ, ಅಕ್ಕಿ, ನೀರಾ (ತಾಳೆ ಜಾತಿಯ ಮರಗಳಿಂದ ಇಳಿಸುವ, ಹುಳಿಯದ ರಸ) ಇವುಗಳ ಪೌಷ್ಟಿಕತೆಯನ್ನೇ ಅಧ್ಯಯನ ಮಾಡಿದರು. ಹಸಿ ಕಾಳಿನಲ್ಲಿ ಪ್ರೋಟೀನ್ ಜೀರ್ಣವಾಗದಂತೆ ತಡೆಯುವ ಅಂಶವಿರುತ್ತದೆ, ಬೇಯಿಸಿದರೆ ಅದು ಕುಗ್ಗುತ್ತದೆ. ಅವರ ಪ್ರಯೋಗಾಲಯದಲ್ಲಿ ಆ ಅಂಶದ ಮೇಲೂ ಕೆಲಸ ನಡೆಯಿತು.

ಮಾರ್ಗದರ್ಶಕರ ವಿಷಯಕ್ಕೆ ಬರುತ್ತೇನೆ. ದೊಡ್ಡ ಹೆಸರು ನೋಡಬೇಡಿ. ಅವರ ಹಿಂದಿನ ವಿದ್ಯಾರ್ಥಿಗಳು ಈಗ ಎಲ್ಲಿದ್ದಾರೆ ಎಂದು ವಿಚಾರಿಸಿ, ಅವರಲ್ಲಿ ಇಬ್ಬರೊಂದಿಗಾದರೂ ಮಗಳು ಖುದ್ದಾಗಿ ಮಾತಾಡಲಿ. ಪ್ರಬಂಧಗಳಲ್ಲಿ ಕೆಲಸ ಮಾಡಿದ ವಿದ್ಯಾರ್ಥಿಯ ಹೆಸರು ಮೊದಲು ಬಂದಿದೆಯೇ ನೋಡಲಿ. ಸಂಶೋಧನೆಗೆ ಒಳಗಾಗುವ ಜನರ ಹಿತ ಕಾಯುವ ನೀತಿ ಸಮಿತಿಯ (ಎಥಿಕ್ಸ್ ಕಮಿಟಿ) ಒಪ್ಪಿಗೆ ಪತ್ರ ತೋರಿಸಿ ಎಂದು ಕೇಳಲಿ. ಹುಬ್ಬು ಗಂಟಿಕ್ಕಿದರೆ ಅಲ್ಲಿಂದ ಎದ್ದು ಬರಲಿ. ಔಷಧ ಅಥವಾ ಆಹಾರದ ಪ್ರಯೋಗವಾದರೆ ಅದು ಭಾರತದ ಕ್ಲಿನಿಕಲ್ ಟ್ರಯಲ್ ನೋಂದಣಿಯಲ್ಲಿ ಮೊದಲ ರೋಗಿಯನ್ನು ಸೇರಿಸಿಕೊಳ್ಳುವ ಮುಂಚೆಯೇ ದಾಖಲಾಗಿದೆಯೇ ಎಂದು ಅವಳೇ ನೋಡಬಹುದು, ಅದು ಎಲ್ಲರಿಗೂ ತೆರೆದಿದೆ. ಮತ್ತೆ ಹಣ ಯಾರದು ಎಂದು ತಿಳಿದುಕೊಳ್ಳಲಿ. ನಮ್ಮ ವಿಷಯದಲ್ಲಿ ಪುಡಿ, ಪಾನೀಯ, ಬಿಸ್ಕತ್ತು ಮಾರುವವರ ಹಣ ಧಾರಾಳವಾಗಿ ಹರಿಯುತ್ತದೆ, ಫಲಿತಾಂಶ ಅವರಿಗೆ ಹಿಡಿಸದಿದ್ದರೂ ಪ್ರಕಟಿಸುವ ಹಕ್ಕು ಒಪ್ಪಂದದಲ್ಲಿ ಬರೆದಿರಬೇಕು.

ಇದನ್ನು ಓದುತ್ತಿರುವ ಎಂಬಿಬಿಎಸ್ ವಿದ್ಯಾರ್ಥಿಗಳಿಗೆ: ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಎಸ್‌ಟಿಎಸ್ ಎಂಬ ಎರಡು ತಿಂಗಳ ವಿದ್ಯಾರ್ಥಿವೇತನ ನಿಮಗಾಗಿಯೇ ಇದೆ. ಅಣ್ಣನವರ ಮಗಳಿಗೆ ಆ ಹೊತ್ತು ದಾಟಿದೆ, ನೀವು ಬಿಡಬೇಡಿ. ವಾರ್ಡಿನ ಒಂದು ಸಣ್ಣ ಪ್ರಶ್ನೆ ಸಾಕು, ಅರ್ಜಿಗೆ ಸಹಿ ಹಾಕಲು ನಿಮ್ಮ ಕಾಲೇಜಿನ ಒಬ್ಬ ಅಧ್ಯಾಪಕರು ಬೇಕು.